ಮರಳಡಿಯ ಅಡುಗೆಮನೆ

2018ರಲ್ಲಿ ಅಕ್ಟೋಬರ್ 12 ಶುಕ್ರವಾರ ಬಂದಿತ್ತು. ಬ್ರೆಜಿಲ್‌ನಲ್ಲಿ ಅವತ್ತು ಇಡೀ ದೇಶಕ್ಕೆ ರಜೆ. ಅವರ ನಾಡದೇವಿ ಅಪರೆಸೀದ ಮಾತೆಯ ಹಬ್ಬ, ಜೊತೆಗೆ ಮಕ್ಕಳ ದಿನ. ನಮ್ಮ ಲೆಕ್ಕದಲ್ಲಿ ನವರಾತ್ರಿಯ ಮೂರನೇ ದಿನ. ಮೈಸೂರಿನಲ್ಲಿ ಅಮ್ಮ ಗೊಂಬೆ ಕೂರಿಸಿ ಫೋಟೋ ಕಳಿಸಿದ್ದಳು. ಪಟ್ಟದ ಗೊಂಬೆಗೆ ಈ ಸಲ ಹೊಸ ಸೀರೆ. ಫೋಟೋ ನೋಡಿ ನೋಡಿ ನನಗೆ ಮನೆಯಲ್ಲಿ ಕೂರಲು ಮನಸ್ಸೇ ಬರಲಿಲ್ಲ.

ನಾವಾಗ ಎಸ್ಪಿರಿತು ಸಾಂತು ರಾಜ್ಯದ ರಾಜಧಾನಿ ವಿತೋರಿಯಾದಲ್ಲಿದ್ದೆವು. ಬಂದರಿನ ಕೆಲಸದ ಮೇಲೆ ನಮ್ಮೆಜಮಾನರನ್ನು ಎರಡು ವರ್ಷಕ್ಕೆ ಕಳಿಸಿದ್ದರು. ಮಗಳಿಗೆ ಆಗ ಏಳು ವರ್ಷ. ಮೂರು ದಿನ ರಜೆ ಸಿಕ್ಕಿದೆ, ಎಲ್ಲಾದರೂ ಹೋಗೋಣ ಅಂದೆ. ಇವರ ಜೊತೆ ಕೆಲಸ ಮಾಡುವವರು ಒಂದು ಊರಿನ ಹೆಸರು ಹೇಳಿದ್ದರಂತೆ, ಇತಾವುನಸ್. ಉತ್ತರಕ್ಕೆ ಇನ್ನೂರ ಎಪ್ಪತ್ತು ಕಿಲೋಮೀಟರ್ ಹತ್ತಿರ. ಅದರಾಚೆ ಬಯೀಯ ರಾಜ್ಯ ಶುರು. ಕಡಲು ಇದೆ, ದೊಡ್ಡ ದೊಡ್ಡ ಮರಳು ದಿಬ್ಬ ಇವೆ, ರಾತ್ರಿಯೆಲ್ಲ ಕುಣಿತ ಇರುತ್ತದೆ ಅಂದರು ಇವರು. ಆಮೇಲೆ ಸುಮ್ನೆ ಸೇರಿಸುವ ಹಾಗೆ, "ಅಲ್ಲಿ ಹಳೇ ಊರೇ ಮರಳಿನಡಿ ಹೋಗಿದೆಯಂತೆ" ಅಂದರು.

ನಾನು ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದೆ. ಯಾಕಂದರೆ ನನ್ನ ತಾಯಿಯ ತವರು ತಲಕಾಡು.

ತಲಕಾಡಿನ ಮಕ್ಕಳಿಗೆ ಅ ಆ ಇ ಈ ಬರುವ ಮೊದಲೇ ಒಂದು ಶಾಪ ಬಾಯಿಪಾಠ ಆಗಿರುತ್ತದೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೇ ಹೋಗಲಿ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋದಾಗ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಅಜ್ಜಿ ಈ ಕತೆ ಹೇಳುತ್ತಿದ್ದಳು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ, ದೇವಿ ರಂಗನಾಯಕಿಯ ಒಡವೆ ಹಿಡಿದು ತಲಕಾಡಿನ ಕಡೆ ಬಂದಳು. ಸೈನಿಕರು ಬೆನ್ನು ಹತ್ತಿದರು. ಮೂರು ಮಾತಿನ ಶಾಪ ಹಾಕಿ ಅವಳು ಕಾವೇರಿಯ ಮಡುವಿಗೆ ಹಾರಿಕೊಂಡಳು. ಅಜ್ಜಿ ಇದನ್ನು ಪಕ್ಕದ ಮನೆಯಲ್ಲಿ ಮೊನ್ನೆ ನಡೆದದ್ದು ಅನ್ನುವ ಹಾಗೆ ಹೇಳುತ್ತಿದ್ದಳು. "ಹೆಣ್ಣು ಹೆಂಗಸಿನ ಕಣ್ಣೀರು ಕಣವ್ವ, ಸುಮ್ಕೆ ಹೋಗಲ್ಲ" ಅನ್ನುತ್ತಿದ್ದಳು. ನಮಗೆ ಮರುದಿನ ದಿಬ್ಬ ಹತ್ತಿ ಉರುಳುವಾಗ ಸ್ವಲ್ಪ ಭಯ ಆಗುತ್ತಿತ್ತು. ಈ ಕಾಲ ಕೆಳಗೆ ದೇವಸ್ಥಾನ ಇದೆ ಅಂತ ಗೊತ್ತಿರುತ್ತಿತ್ತಲ್ಲ.

ದೊಡ್ಡವಳಾದ ಮೇಲೆ ಬೇರೆ ವಿವರಣೆಯನ್ನೂ ಓದಿದೆ. ಹದಿನಾಲ್ಕನೇ ಶತಮಾನದಲ್ಲಿ ಮೇಲ್ಗಡೆ ಅಣೆ ಕಟ್ಟಿದ ಮೇಲೆ ಹೊಳೆಯ ಹರಿವು ಬದಲಾಯಿತು, ಪಾತ್ರದ ಮರಳು ಬಯಲಿಗೆ ಬಿತ್ತು, ಗಾಳಿ ಅದನ್ನು ಹೊತ್ತು ಊರ ಮೇಲೆ ಹಾಕಿತು ಅಂತ ತಿಳಿದವರು ಹೇಳುತ್ತಾರೆ. ನಂಬಿದೆ. ಆದರೆ ಶಾಪ ಮನಸ್ಸಿನಿಂದ ಹೋಗಲಿಲ್ಲ. ಶಾಪದಲ್ಲಿ ಒಬ್ಬ ಹೆಂಗಸಿದ್ದಾಳೆ. ಅಣೆಯ ಕತೆಯಲ್ಲಿ ಯಾರೂ ಇಲ್ಲ.

ಹಾಗಾಗಿ ಇತಾವುನಸ್‌ಗೆ ಹೋಗಲೇಬೇಕು ಅಂದೆ.

ಬೆಳಗ್ಗೆ ಆರಕ್ಕೇ ಹೊರಟೆವು. ಲಿನ್ಯಾರಿಸ್ ಅನ್ನುವ ಪಟ್ಟಣದ ಹತ್ತಿರ ಉದ್ದನೆಯ ಸೇತುವೆ, ಕೆಳಗೆ ರಿಯು ದೋಸಿ. ಹೆಸರಿಗೆ ಸಿಹಿ ಹೊಳೆ. 2015ರ ನವೆಂಬರ್ 5ರಂದು ಪಕ್ಕದ ರಾಜ್ಯದ ಮರಿಯಾನದಲ್ಲಿ ಅದಿರು ಗಣಿಯ ಕೆಸರಿನ ಕಟ್ಟೆ ಒಡೆಯಿತು. 19 ಜನ ಸತ್ತರು. ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಆ ಕೆಂಪು ಕೆಸರು ಈ ಹೊಳೆಗುಂಟವೇ ಕಡಲಿಗೆ ಬಂತು. ನಾವು ದಾಟುವ ಹೊತ್ತಿಗೆ ಮೂರು ವರ್ಷ ಆಗುತ್ತಾ ಬಂದಿತ್ತು. ನೀರು ನೋಡಲು ಸಾಮಾನ್ಯ ನೀರಿನ ಹಾಗೇ ಇತ್ತು. ಇವರು ಕಾರು ನಿಧಾನ ಮಾಡಿದರು, ಏನೂ ಮಾತಾಡಲಿಲ್ಲ.

ಅಲ್ಲಿಂದ ಮುಂದೆ ಸೂರೆತಾಮ ಅನ್ನುವ ಕಾಡು. ಹೆದ್ದಾರಿ ಅದನ್ನು ಸೀಳಿಕೊಂಡೇ ಹೋಗುತ್ತದೆ. ಕೆಲವು ನಿಮಿಷ ನಮ್ಮ ಘಟ್ಟದ ಹಾಗೇ ಕತ್ತಲು, ತಂಪು. ಕಾಡು ಮುಗಿದ ಕೂಡಲೇ ಕಾಫಿ ಮತ್ತು ಕಾಳುಮೆಣಸು. ಬ್ರೆಜಿಲ್‌ನ ರೊಬಸ್ಟಾ ಕಾಫಿ ಅತಿ ಹೆಚ್ಚು ಬೆಳೆಯುವುದು ಇದೇ ರಾಜ್ಯದಲ್ಲಿ, ಅದಕ್ಕೆ ಇಲ್ಲಿ ಕೊನಿಲೋನ್ ಅನ್ನುತ್ತಾರೆ. ಆದರೆ ಕೊಡಗಿನ ತೋಟ ನೋಡಿದ ಕಣ್ಣಿಗೆ ಇದು ತೋಟ ಅನ್ನಿಸುವುದೇ ಇಲ್ಲ. ನೆರಳಿನ ಮರ ಒಂದೂ ಇಲ್ಲ. ಮೆಣಸಿನ ಬಳ್ಳಿಯನ್ನು ಮರಕ್ಕೆ ಹಬ್ಬಿಸದೆ ಕಂಬಕ್ಕೆ ಹಬ್ಬಿಸಿದ್ದಾರೆ. ಬಿಸಿಲಿನಲ್ಲಿ ಸಾಲು ಸಾಲು ಕಂಬ. ನಮ್ಮ ಮಲೆನಾಡಿನ ಬಳ್ಳಿ ಇಷ್ಟು ದೂರ ಬಂದು ಒಂಟಿಯಾಗಿ ನಿಂತ ಹಾಗೆ ಕಂಡಿತು.

ಆಮೇಲೆ ನೀಲಗಿರಿ. ಕಾಗದದ ತಿರುಳಿಗೆಂದು ನೆಟ್ಟದ್ದು. ಒಂದು ಗಂಟೆ ಹೊತ್ತು ಬೇರೆ ಏನೂ ಇಲ್ಲ, ಬರೀ ನೀಲಗಿರಿ. ಒಂದೇ ಎತ್ತರ, ಒಂದೇ ವಯಸ್ಸು, ಕೆಳಗೆ ಹುಲ್ಲೂ ಇಲ್ಲ, ಹಕ್ಕಿ ಸದ್ದೂ ಇಲ್ಲ. ನಮ್ಮ ಕೋಲಾರದ ಕಡೆ ಕಂಡದ್ದೇ. ನೋಡಿ ಹೊಟ್ಟೆ ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಊರು ತಲುಪಿದೆವು. ಊರು ಅಂದರೆ ನಾಲ್ಕಾರು ಬೀದಿ. ಟಾರು ಇಲ್ಲ, ಮಣ್ಣಿನ ಬೀದಿಗಳು. ಒಂದು ಚೌಕ, ಅದರಲ್ಲೊಂದು ಪುಟ್ಟ ಚರ್ಚು, ಬಣ್ಣ ಬಣ್ಣದ ತಗ್ಗು ಮನೆಗಳು. ಒಂದು ಪಕ್ಕಕ್ಕೆ ಇತಾವುನಸ್ ಹೊಳೆ. ಅದರ ನೀರು ಹಾಲು ಹಾಕದ ಚಹಾದ ಬಣ್ಣ. ಕೊಳೆಯಲ್ಲ, ಜೌಗಿನ ಎಲೆ ಬೇರುಗಳ ಕಸರು ಇಳಿದು ಬಂದ ಬಣ್ಣ. ಬೊಗಸೆಯಲ್ಲಿ ಎತ್ತಿದರೆ ತಿಳಿಯಾಗಿಯೇ ಇರುತ್ತದೆ. ಹೊಳೆಯಾಚೆ ಕುರುಚಲು ಕಾಡು, ಅದರಾಚೆ ಬಿಳಿ ದಿಬ್ಬ.

ನಾವು ಉಳಿದ ಪೊಸಾದ, ಅಂದರೆ ಮನೆಯನ್ನೇ ತಂಗುವ ಜಾಗ ಮಾಡಿಕೊಂಡಿದ್ದು, ಒಬ್ಬ ವಯಸ್ಸಾದ ಹೆಂಗಸಿನದು. ಎಪ್ಪತ್ತರ ಹತ್ತಿರ ಇರಬಹುದು. ಕುಳ್ಳಗೆ, ಕಪ್ಪಗೆ, ಕೂದಲನ್ನು ಹೂವಿನ ಬಟ್ಟೆಯಲ್ಲಿ ಕಟ್ಟಿದ್ದರು. ಮಗಳ ಗಲ್ಲ ಹಿಡಿದು ಮಾತಾಡಿಸಿದರು. ನನಗೆ ಆಗ ಪೋರ್ಚುಗೀಸ್ ಅಂಗಡಿಯ ಮಟ್ಟಿಗೆ ಮಾತ್ರ ಬರುತ್ತಿತ್ತು. ಇವರು ನನಗಿಂತ ವಾಸಿ. ಅದಕ್ಕೆ ಇವರು ಕುಂದಾಪುರದವರಾಗಿರುವುದೂ ಒಂದು ಕಾರಣ ಅಂತ ಅವತ್ತು ಗೊತ್ತಾಯಿತು. ಆ ಅಮ್ಮ ಕೋಣೆಯ ಬೀಗದ ಕೈ ಕೊಡುತ್ತಾ "ಶಾವಿ" ಅಂದರು. ಬಚ್ಚಲಲ್ಲಿ "ಬಾಲ್ದಿ" ಇದೆ ಅಂದರು. "ತುವಾಲ್ಯ" ಮಂಚದ ಮೇಲಿದೆ, ಸೊಳ್ಳೆ ಬರುತ್ತದೆ, ಸಂಜೆ "ಜನೆಲ" ಹಾಕಿಕೊಳ್ಳಿ ಅಂದರು.

"ಕೇಳಿದ್ಯಾ? ಚಾವಿ, ಬಾಲ್ದಿ, ತುವಾಲು, ಜನೇಲು. ನಮ್ಮಜ್ಜಿ ಮಾತಾಡಿದ ಹಾಗೇ ಇದೆ" ಅಂದರು ಇವರು. ಅವರ ಮುಖ ಅರಳಿತ್ತು. ಐನೂರು ವರ್ಷದ ಹಿಂದೆ ಒಂದೇ ಹಡಗಿನವರು ಎರಡು ದಡದಲ್ಲಿ ಬಿಟ್ಟು ಹೋದ ಮಾತುಗಳು. ಮೈಸೂರಿನ ನನಗೆ ಅವು ಬೀಗದ ಕೈ, ಬಕೆಟ್ಟು, ಟವಲ್ಲು, ಕಿಟಕಿ. ಆ ಮೂರು ದಿನ ಇವರು ಆ ಅಮ್ಮನ ಮಾತನ್ನು ನನಗೆ ದಾಟಿಸಿದ್ದೆಲ್ಲ ಹೀಗೇ, ಕುಂದಾಪುರದ ದಾರಿಯಿಂದ.

ಸಂಜೆ ಹೊಳೆ ದಂಡೆಯಲ್ಲಿ ಕೂತೆವು. ಪಡುವಣದಲ್ಲಿ ಉಗುರಿನಂಥ ಚಂದ್ರ. ಮೈಸೂರಿನವರು ಅದೇ ಚಂದ್ರನನ್ನು ನೋಡಿ ಆಗಲೇ ಮಲಗಿರುತ್ತಾರೆ ಅಂದುಕೊಂಡೆ.

ಶನಿವಾರ ಬೆಳಗ್ಗೆ ಬಿಸಿಲು ಏರುವ ಮೊದಲೇ ದಿಬ್ಬಕ್ಕೆ ಹೊರಟೆವು. ಸೇತುವೆ ದಾಟಿ ಕಾಲುದಾರಿ. ಇದು 1991ರಿಂದ ರಾಜ್ಯ ಉದ್ಯಾನ, ಹಾಗಾಗಿ ಕಾವಲಿದೆ. ದಾರಿ ಹೋಗುವುದು ರೆಸ್ತಿಂಗ ಅನ್ನುವ ಕಾಡಿನ ನಡುವೆ. ಕಡಲ ದಂಡೆಯ ಮರಳಲ್ಲೇ ಬೆಳೆಯುವ ಕುರುಚಲು ಕಾಡು. ಮರ ಅಂದರೆ ಆಳೆತ್ತರ, ಎರಡಾಳೆತ್ತರ. ಎಲೆ ದಪ್ಪ, ಬೆಣ್ಣೆ ಸವರಿದ ಹಾಗೆ ಹೊಳಪು. ಕಾಡು ಗೇರು ಮರಗಳಿದ್ದವು. ಗೇರು ಈ ನೆಲದ್ದೇ ಗಿಡ, ನಮ್ಮ ಕರಾವಳಿಗೆ ಪೋರ್ಚುಗೀಸರು ತಂದದ್ದು. ದಿಬ್ಬದ ಬುಡ ಬಂದಂತೆ ಮರ ಹೋಗಿ ಬಳ್ಳಿ ಶುರುವಾಯಿತು. ನೇರಳೆ ಹೂವು, ಆಡಿನ ಗೊರಸಿನಂಥ ಎಲೆ. ಇವರು ಬಗ್ಗಿ ಮುಟ್ಟಿದರು. "ಇದು ನಮ್ಮ ಮರವಂತೆಯಲ್ಲೂ ಇದೆಯಲ್ಲ!" ಹೌದು, ಅದೇ ಬಳ್ಳಿ. ಬಿಸಿ ನಾಡುಗಳ ಕಡಲ ದಂಡೆಯಲ್ಲೆಲ್ಲ ಇರುವಂಥದ್ದು. ಒಂದು ಗೆಣ್ಣು ಮರಳು ಮುಚ್ಚಿದರೆ ಅಲ್ಲೇ ಬೇರು ಬಿಟ್ಟು ಮುಂದಿನ ಗೆಣ್ಣಿಗೆ ಹೋಗುತ್ತದೆ. ಮರಳನ್ನು ಹೊಲಿದು ಕೂರಿಸುವ ದಾರದ ಹಾಗೆ.

ದಿಬ್ಬದ ಮೇಲೆ ಹೋದಾಗ ಗಾಳಿ ಸಿಕ್ಕಿತು. ಇಲ್ಲಿ ಹೆಚ್ಚಾಗಿ ಈಶಾನ್ಯದಿಂದ, ಕಡಲ ಕಡೆಯಿಂದ ಬೀಸುತ್ತದೆ. ಕೆಲವು ದಿಬ್ಬ ಮೂವತ್ತು ಮೀಟರ್ ಎತ್ತರ ಇವೆಯಂತೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಜೌಗು, ಕಪ್ಪು ಹೊಳೆ, ಊರಿನ ಹೆಂಚುಗಳು. ಮಗಳು ಚಪ್ಪಲಿ ಬಿಸಾಕಿ ಓಡಿದಳು.

ನಾನು ಮಂಡಿಯೂರಿ ಮರಳನ್ನೇ ನೋಡುತ್ತಾ ಕೂತೆ. ಮರಳು ಹಾರುತ್ತದೆ ಅಂದುಕೊಂಡಿದ್ದೆ. ಹಾರುವುದಿಲ್ಲ, ಕುಪ್ಪಳಿಸುತ್ತದೆ. ಗಾಳಿ ಒಂದು ಹದ ಮುಟ್ಟಿದ ಕೂಡಲೇ ಕಾಳು ಎದ್ದು, ಗೇಣುದ್ದ ಮುಂದೆ ಹೋಗಿ ಬೀಳುತ್ತದೆ. ಬೀಳುವಾಗ ಇನ್ನೆರಡು ಕಾಳನ್ನು ಎಬ್ಬಿಸುತ್ತದೆ. ನಿಂತಿದ್ದರೆ ಪಾದದ ಗಂಟಿನವರೆಗೆ ಸೂಜಿ ಚುಚ್ಚಿದ ಹಾಗೆ, ಮೇಲೆ ಏನೂ ಇಲ್ಲ. ಹಾಗೇ ಕುಪ್ಪಳಿಸುತ್ತಾ ಇಳಿಜಾರು ಹತ್ತುತ್ತದೆ. ನೆತ್ತಿ ತಲುಪಿ ಆಚೆ ಕಡೆ ಬೀಳುತ್ತದೆ. ಆಚೆ ಕಡೆ ಕಡಿದಾಗಿರುತ್ತದೆ. ಸ್ವಲ್ಪ ಹೊತ್ತು ಮರಳು ನೆತ್ತಿಯಲ್ಲಿ ಗುಡ್ಡೆ ಆಗಿ, ತಡೆಯಲಾರದೆ ಒಂದು ನಾಲಿಗೆಯಷ್ಟಗಲ ಜರ್ ಅಂತ ಜಾರಿತು. ಮತ್ತೆ ನಿಂತಿತು. ಮತ್ತೆ ಜಾರಿತು. ದಿಬ್ಬ ಊರಿನ ಕಡೆ ಒಂದು ಬೆರಳು ಸರಿದಿತ್ತು, ನನ್ನ ಕಣ್ಣೆದುರೇ.

ತಲಕಾಡಿನಲ್ಲಿ ಇಷ್ಟು ಸಲ ಉರುಳಿದ್ದೇನೆ, ಮರಳು ನಡೆಯುವುದನ್ನು ನೋಡಿರಲಿಲ್ಲ. ನನ್ನ ಕಾಲಕ್ಕೆ ಅಲ್ಲಿ ನೀಲಗಿರಿ ನೆಟ್ಟು ದಿಬ್ಬ ನಿಲ್ಲಿಸಿಯಾಗಿತ್ತು. ಹಿಂದಿನ ದಿನ ಯಾವ ಮರಕ್ಕೆ ಹೊಟ್ಟೆ ಉರಿಸಿಕೊಂಡಿದ್ದೆನೋ ಅದೇ ಮರ ನನ್ನ ಅಜ್ಜಿಯ ಊರನ್ನು ಹಿಡಿದಿಟ್ಟಿದೆ. ಅಲ್ಲೇ ಕೂತು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ನಾಲ್ಕೂವರೆ. ಗೊಂಬೆ ನೋಡಲು ಬರುವ ಮಕ್ಕಳಿಗೆ ಕಡಲೆಕಾಳು ಉಸಲಿ ಮಾಡುತ್ತಿದ್ದಳು.

"ಅಮ್ಮಾ, ತಲಕಾಡು ಮುಚ್ಚಿಹೋದಾಗ ಅಲ್ಲಿದ್ದ ಜನ ಎಲ್ಲಿಗೆ ಹೋದ್ರು?"

"ಯಾವ ಜನ?"

"ಊರಿನ ಜನ. ಮನೆಮಠ ಇದ್ದೋರು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಯಾರಿಗ್ ಗೊತ್ತೇ? ದೇವಸ್ಥಾನ ಮುಚ್ಚಿಹೋಯ್ತು ಅಂತ ಎಲ್ರೂ ಹೇಳ್ತಾರೆ. ಮನೆಗಳ ವಿಷಯ ಯಾರೂ ಹೇಳಿದ್ ಕೇಳಿಲ್ಲ."

ಮಧ್ಯಾಹ್ನ ಮೊಕೇಕ ಊಟ. ಈ ರಾಜ್ಯದವರ ಹೆಮ್ಮೆಯ ಮೀನಿನ ಅಡುಗೆ ಇದು. ಕಪ್ಪು ಮಣ್ಣಿನ ಮಡಕೆಯಲ್ಲಿ ಮೀನು, ಟೊಮೆಟೊ, ಈರುಳ್ಳಿ, ಕೊತ್ತಂಬರಿ, ಬಣ್ಣಕ್ಕೆ ಉರುಕುಂ ಬೀಜ ಕಾಯಿಸಿದ ಎಣ್ಣೆ. ನೀರು ಹಾಕುವುದಿಲ್ಲ, ತರಕಾರಿಯ ನೀರಲ್ಲೇ ಬೇಯಬೇಕು. ಬಯೀಯದವರು ತೆಂಗಿನ ಹಾಲು, ತಾಳೆ ಎಣ್ಣೆ ಹಾಕುತ್ತಾರೆ, ಇಲ್ಲಿಯವರು ಅದನ್ನು ಒಪ್ಪುವುದೇ ಇಲ್ಲ. ಮಡಕೆ ಮಾಡುವುದು ವಿತೋರಿಯಾದ ಗೊಯಬೇರಸ್ ಬಡಾವಣೆಯ ಹೆಂಗಸರು. ತಿಗರಿ ಇಲ್ಲದೆ ಕೈಯಲ್ಲೇ ತಿದ್ದಿ, ಬಯಲಲ್ಲಿ ಸೌದೆ ಒಟ್ಟಿ ಸುಟ್ಟು, ಬಿಸಿ ಇರುವಾಗಲೇ ಕಾಂಡ್ಲಾ ಮರದ ತೊಗಟೆಯ ರಸ ಬಡಿಯುತ್ತಾರೆ. ಅದರಿಂದಲೇ ಕಪ್ಪು. ಬ್ರೆಜಿಲ್ ತನ್ನ ಬದುಕಿನ ಪರಂಪರೆಗಳ ಪಟ್ಟಿಯಲ್ಲಿ ಮೊದಲು ಬರೆದದ್ದು, 2002ರಲ್ಲಿ, ಈ ಹೆಂಗಸರ ಮಡಕೆಯನ್ನು. ಮೀನಿನ ರಸಕ್ಕೆ ಮರಗೆಣಸಿನ ಹಿಟ್ಟು ಹಾಕಿ ತಿರುವಿದ ಪಿರಾವ್ ಅಂತ ಒಂದು ಜೊತೆಗೆ ಬಂತು. ಅರ್ಧ ಗಟ್ಟಿ, ಬಿಸಿ ಬಿಸಿ. ಒಂದು ತುತ್ತು ನುಂಗಿದೆ. ಗಂಟಲಿಗೆ ಮುದ್ದೆಯ ನೆನಪಾಯಿತು. ಆ ಊಟದ ಮೇಲೆ ಎರಡು ಗಂಟೆ ನಿದ್ದೆ ಮಾಡಿದೆವು.

ನಾಲ್ಕು ಗಂಟೆಗೆ ಪೊಸಾದದ ಅಮ್ಮ ನಮ್ಮ ಜೊತೆ ಹೊರಟರು. ಇವರು ಬೆಳಗ್ಗೆ ಅವರಿಗೆ ತಲಕಾಡಿನ ಕತೆ ಹೇಳಿದ್ದರು. ಅರ್ಧ ಪೋರ್ಚುಗೀಸ್, ಅರ್ಧ ಕೈಸನ್ನೆ. ಅವರು ಕಣ್ಣು ಅಗಲಿಸಿ ಕೇಳಿ, "ಬನ್ನಿ, ನಮ್ಮ ಮನೆ ತೋರಿಸ್ತೀನಿ" ಅಂದಿದ್ದರು.

ಚಪ್ಪಲಿ ಕೈಯಲ್ಲಿ ಹಿಡಿದು ಅವರು ನಮಗಿಂತ ಸಲೀಸಾಗಿ ಹತ್ತಿದರು. ಒಂದು ತಗ್ಗಿನಲ್ಲಿ ನಿಂತು ಸುತ್ತ ನೋಡಿದರು. ದೂರದ ಒಂದು ಗೇರು ಮರ, ಹೊಳೆಯ ತಿರುವು, ಚರ್ಚಿನ ದಿಕ್ಕು, ಹೀಗೆ ಏನೇನೋ ಗುರುತು ಹಿಡಿದು ಹತ್ತು ಹೆಜ್ಜೆ ಎಡಕ್ಕೆ ಹೋದರು. ಹೆಬ್ಬೆರಳಿನಿಂದ ಮರಳಲ್ಲಿ ಗೆರೆ ಎಳೆದರು. ಉದ್ದಕ್ಕೊಂದು, ಅಡ್ಡಕ್ಕೊಂದು.

"ಇದು ಅಡುಗೆಮನೆ" ಅಂದರು.

ಆಮೇಲೆ ಒಲೆ. ಆಮೇಲೆ ನೀರಿನ ಮಡಕೆ ಇಡುತ್ತಿದ್ದ ಮೂಲೆ. ಇಲ್ಲಿ ಬಾಗಿಲು, ಇಲ್ಲಿಂದ ನಾಲ್ಕು ಹೆಜ್ಜೆಗೆ ಮಾವಿನ ಮರ. ಮಾವನ್ನು ಅವರು "ಮಾಂಗ" ಅನ್ನುತ್ತಾರೆ, ಅದು ನಮ್ಮ ಕಡೆಯಿಂದ ಹೋದ ಮಾತು, ಹೋದ ಮರ. ಮಗಳು ಗೆರೆ ದಾಟದೆ ಬಾಗಿಲಿನಿಂದಲೇ ಒಳಗೆ ಬಂದು ನಿಂತಳು. ಆ ಅಮ್ಮ ಅವಳ ತಲೆ ಸವರಿದರು.

ಹಳೇ ಊರು ಇದ್ದದ್ದು ಹೊಳೆಯ ಈ ದಡದಲ್ಲಿ, ಕಡಲಿಗೂ ಹೊಳೆಗೂ ನಡುವೆ. ಊರಿಗೂ ಕಡಲಿಗೂ ನಡುವೆ ರೆಸ್ತಿಂಗ ಕಾಡು ದಟ್ಟವಾಗಿತ್ತು. ಅದನ್ನು ಕಡಿದರು. ಯಾರೋ ಒಬ್ಬರು ಕಡಿದದ್ದಲ್ಲ ಅಂದರು ಅವರು. ಸೌದೆಗೆ ಅವರಪ್ಪನೂ ಕಡಿದಿದ್ದರು, ಎಲ್ಲರೂ ಕಡಿದಿದ್ದರು. ಕಳೆದ ಶತಮಾನದ ನಡುವಿನ ಹೊತ್ತಿಗೆ ಮರಳು ಬರಲು ಶುರುವಾಯಿತು. ಅವರು ಚಿಕ್ಕ ಹುಡುಗಿ. ದಿನಾ ಬೆಳಗ್ಗೆ ಅಮ್ಮ ಮನೆ ಗುಡಿಸಿ ಮರಳನ್ನು ಬಾಲ್ದಿಗೆ ತುಂಬುವುದು, ಈ ಹುಡುಗಿ ಹೊತ್ತು ಆಚೆ ಸುರಿಯುವುದು. ಮೊದಲು ಒಂದು ಬಾಲ್ದಿ. ಆಮೇಲೆ ಮೂರು. ಆಮೇಲೆ ಲೆಕ್ಕ ಬಿಟ್ಟರು. ಅನ್ನದಲ್ಲಿ ಮರಳು, ಹಾಸಿಗೆಯಲ್ಲಿ ಮರಳು. ಒಂದು ದಿನ ಹಿಂದಿನ ಜನೇಲು ತೆರೆಯಲಿಲ್ಲ. ಆಚೆಯಿಂದ ಮರಳು ಒತ್ತಿತ್ತು.

"ಭಯ ಆಗ್ತಿತ್ತಾ?" ಅಂತ ಇವರ ಬಾಯಲ್ಲಿ ಕೇಳಿಸಿದೆ.

ಅವರು ತಲೆ ಆಡಿಸಿದರು. ಭಯ ಅಲ್ಲವಂತೆ, ಸುಸ್ತು. ಮರಳು ಓಡಿ ಬರುವುದಿಲ್ಲ, ಯಾರನ್ನೂ ಸಾಯಿಸುವುದಿಲ್ಲ. ದಿನಾ ಗುಡಿಸಿದರೂ ದಿನಾ ಇರುತ್ತದೆ. ಹಾಗೆ ಒಂದೊಂದೇ ಮನೆ ಸೋತಿತು. ಮೊದಲು ಕಡಲ ಕಡೆಯವರು, ಆಮೇಲೆ ಅವರ ಹಿಂದಿನವರು. ಸೋತವರು ಹೊಳೆ ದಾಟಿ ಈಗಿನ ಊರಿರುವ ದಡದಲ್ಲಿ ಮನೆ ಕಟ್ಟಿದರು. ಅವರಪ್ಪ ಹೆಂಚು ಇಳಿಸಿ, ಬಾಗಿಲು ಜನೇಲು ಬಿಚ್ಚಿ ದೋಣಿಯಲ್ಲಿ ಸಾಗಿಸಿದರು. ಗೋಡೆ ಮಾತ್ರ ಬಿಟ್ಟು ಬಂದರು. ಈಗಿನ ಪೊಸಾದದ ಮುಂಬಾಗಿಲು ಆ ಹಳೇ ಬಾಗಿಲೇ. ಹಿಂದಿನ ದಿನ ಅದನ್ನು ತಳ್ಳಿಕೊಂಡೇ ಒಳಗೆ ಹೋಗಿದ್ದೆವು. 1970ರ ದಶಕದ ಹೊತ್ತಿಗೆ ಈ ದಡದಲ್ಲಿ ಯಾರೂ ಉಳಿಯಲಿಲ್ಲ.

"ಸ್ಮಶಾನ?" ಅಂದರು ಇವರು.

ಅವರು ದಿಬ್ಬದ ಕಡೆ ಗದ್ದ ಎತ್ತಿ ತೋರಿಸಿದರು. ಅಜ್ಜ ಅಜ್ಜಿ ಅಲ್ಲೇ ಇದ್ದಾರೆ ಅಂದರು. ಅದಕ್ಕೇ ಆಗಾಗ ಬರುತ್ತಾರಂತೆ. ಗಾಳಿ ತಿರುಗಿದಾಗ ಇಟ್ಟಿಗೆ ಚೂರು, ಹೆಂಚಿನ ಚೂರು ಮೇಲೆ ಬರುತ್ತವೆ, ಮತ್ತೆ ಮುಚ್ಚಿಹೋಗುತ್ತವೆ. ನಮ್ಮ ಕಾಲ ಹತ್ತಿರ ಹೆಬ್ಬೆಟ್ಟಿನಷ್ಟು ಒಂದು ಕೆಂಪು ಚೂರು ಇತ್ತು. ಮಗಳು ಎತ್ತಿಕೊಂಡಳು. ಆ ಅಮ್ಮ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಎರಡೂ ಕಡೆ ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟು ಮೇಲೆ ಒಂದು ಹಿಡಿ ಮರಳು ಹಾಕಿದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ತಲಕಾಡಿನ ಮರಳಿನಡಿ ನಾನು ಕಂಡದ್ದು ಗಂಗರ ರಾಜಧಾನಿ, ವಿಷ್ಣುವರ್ಧನನ ಕೀರ್ತಿನಾರಾಯಣ, ಪಂಚಲಿಂಗ. ಮೂವತ್ತಕ್ಕೂ ಹೆಚ್ಚು ದೇವಸ್ಥಾನ ಇದ್ದವು ಅನ್ನುತ್ತಾರೆ. 2009ರಲ್ಲಿ ಪಂಚಲಿಂಗ ದರ್ಶನಕ್ಕೆ ಲಕ್ಷಾಂತರ ಜನರ ನಡುವೆ ನಾನೂ ಸಾಲಿನಲ್ಲಿ ನಿಂತಿದ್ದೆ. ಒಂದು ಸಲವೂ ಅಲ್ಲಿ ಒಂದು ಒಲೆ ಇತ್ತು, ನೀರಿನ ಮಡಕೆ ಇಡುವ ಮೂಲೆ ಇತ್ತು ಅಂತ ತಲೆಗೆ ಬಂದಿರಲಿಲ್ಲ. ಶಾಪ ಅಂದಾಗ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿದ ಹಾಗೆ ಕಾಣುತ್ತಿತ್ತು. ಗುಡಿಸುವವರು ಯಾರೂ ಕಾಣುತ್ತಿರಲಿಲ್ಲ.

ಆ ರಾತ್ರಿ ಫೊಹೋ ಕೇಳಲು ಹೋದೆವು. ಇತಾವುನಸ್ ಬ್ರೆಜಿಲ್‌ಗೆಲ್ಲ ಹೆಸರಾಗಿರುವುದು ಈ ಕುಣಿತಕ್ಕೇ. ಜುಲೈ ತಿಂಗಳಲ್ಲಿ ದೊಡ್ಡ ಮೇಳ ಆಗುತ್ತದೆ. ಮೂರೇ ವಾದ್ಯ. ಎದೆಗೆ ಕಟ್ಟಿದ ಅಕಾರ್ಡಿಯನ್, ಡೊಳ್ಳಿನ ಜಾತಿಯ ಜಬುಂಬ, ಒಂದು ಕಬ್ಬಿಣದ ತ್ರಿಕೋನ. ಈಶಾನ್ಯ ಬ್ರೆಜಿಲ್‌ನ ಬರದ ನಾಡಿನಿಂದ ಬಂದ ಹಾಡುಗಳು. ಮಳೆ ಬಾರದೆ ಊರು ಬಿಟ್ಟವರ ಹಾಡು ಬಹಳ. 1940ರ ದಶಕದಲ್ಲಿ ಲುಯೀಸ್ ಗೊಂಜಾಗ ಈ ಮಟ್ಟುಗಳನ್ನು ರೇಡಿಯೋ ಮೂಲಕ ದೇಶಕ್ಕೆಲ್ಲ ಕೇಳಿಸಿದರು. ನಾವು ನೋಡಿ ಬಂದ ಮೇಲೆ, 2021ರ ಡಿಸೆಂಬರ್‌ನಲ್ಲಿ, ಇದನ್ನೂ ಸರ್ಕಾರ ಪರಂಪರೆಯ ಪಟ್ಟಿಗೆ ಸೇರಿಸಿತು ಅಂತ ಓದಿ ಖುಷಿಯಾಯಿತು.

ಜೋಡಿಗಳು ತೀರಾ ಹತ್ತಿರ ಹಿಡಿದು ಕುಣಿಯುತ್ತಾರೆ, ಆದರೆ ಕಾಲು ಎತ್ತುವುದೇ ಕಡಿಮೆ. ನೆಲಕ್ಕೆ ಎಳೆಯುತ್ತಾರೆ. ಹಾಡು ನಿಂತು ಇನ್ನೊಂದು ಶುರುವಾಗುವ ಮೊದಲು, ಇನ್ನೂ ಕುಣಿಯುತ್ತಲೇ ಇದ್ದ ಕೆಲವರ ಕಾಲಿನ ಸದ್ದು ಮಾತ್ರ ಕೇಳಿತು. ಸರ್, ಸರ್, ಸರ್. ಪೊರಕೆಯ ಸದ್ದಿನ ಹಾಗೆ. ಮಗಳು ನನ್ನ ಮಡಿಲಲ್ಲಿ ಮಲಗಿಬಿಟ್ಟಿದ್ದಳು.

ಭಾನುವಾರ ಬೆಳಗ್ಗೆ ಕಡಲಲ್ಲಿ ಆಡಿದೆವು. ದಂಡೆಯಲ್ಲಿ ಅಲ್ಲಲ್ಲಿ ನಂಬರ್ ಬರೆದ ಕೋಲು ನೆಟ್ಟಿದ್ದರು, ಆಮೆ ಮೊಟ್ಟೆ ಇಟ್ಟ ಗುರುತು. ಮಗಳು ಪ್ರತಿ ಕೋಲಿಗೂ ದೂರದಿಂದಲೇ ಕೈ ಮುಗಿದಳು. ಹನ್ನೊಂದಕ್ಕೆ ಹೊರಟೆವು. ಪೊಸಾದದ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಈ ಸಲ ನಾನು ಬಾಗಿಲಿನ ಮರವನ್ನು ಕೈಯಿಂದ ಮುಟ್ಟಿ ನೋಡಿದೆ. ಕೆಳಗಿನ ಒಂದು ಮೊಳ ಮೇಲಿನದಕ್ಕಿಂತ ಬಿಳಿ, ನುಣುಪು. ಮರಳು ಉಜ್ಜಿ ಉಜ್ಜಿ ಹಾಗಾಗಿದೆ ಅಂದರು.

ವಿತೋರಿಯಾಕ್ಕೆ ಬಂದ ಮೇಲೂ ನನಗೆ ಸಮಾಧಾನ ಆಗಲಿಲ್ಲ. ತಲಕಾಡಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಮೈಸೂರು ಗ್ಯಾಸೆಟಿಯರ್‌ನಲ್ಲಿ ಒಂದು ಕಡೆ ಅದು ಸಿಕ್ಕಿತು. ಮರಳ ದಿಬ್ಬ ವರ್ಷಕ್ಕೆ ಒಂಬತ್ತು ಹತ್ತು ಅಡಿಯಷ್ಟು ಊರಿನ ಕಡೆ ಬರುತ್ತಿದೆ, ಜನ ಮನೆ ಬಿಟ್ಟು ಬಿಟ್ಟು ಹಿಂದಕ್ಕೆ ಸರಿಯುತ್ತಲೇ ಇದ್ದಾರೆ ಅಂತ ಬರೆದಿದೆ. ಅಲಮೇಲಮ್ಮ ಹೋಗಿ ಮುನ್ನೂರು ವರ್ಷ ಆಗುತ್ತಾ ಬಂದಾಗ! ತಲಕಾಡಿನ ಜನ ಎಲ್ಲಿಗೂ ಹೋಗಿರಲಿಲ್ಲ. ಹತ್ತು ಅಡಿ, ಹತ್ತು ಅಡಿ ಹಿಂದೆ ಸರಿದು ಅಲ್ಲೇ ಇದ್ದರು. ಗದ್ದೆ ಅಲ್ಲಿತ್ತಲ್ಲ.

ಅಮ್ಮನಿಗೆ ಓದಿ ಹೇಳಿದೆ. ಈ ಸಲ ಅವಳು ಜಾಸ್ತಿ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು. "ನಿಮ್ಮಜ್ಜಿ ಮನೇಲಿ ಅಡುಗೆಮನೆ ಹಿಂದಿನ ಗೋಡೇಲಿ ಒಂದು ಗೂಡಿದೆ ನೋಡು, ಉಪ್ಪಿನಕಾಯಿ ಜಾಡಿ ಇಡ್ತಿದ್ರಲ್ಲ?"

"ಹೂಂ."

"ಅದು ಗೂಡಲ್ಲ ಕಣೇ. ಹಿತ್ತಲ ಬಾಗಿಲಾಗಿತ್ತಂತೆ. ನಮ್ಮ ತಾತನ ಕಾಲದಲ್ಲೇ ಮುಚ್ಚಿಸಿದ್ದು. ಯಾಕೆ ಅಂತ ನಾನೂ ಕೇಳಿಲ್ಲ, ಅವರೂ ಹೇಳಿಲ್ಲ."

2019ರ ಬೇಸಿಗೆಯಲ್ಲಿ ಊರಿಗೆ ಹೋದಾಗ ತಲಕಾಡಿಗೆ ಹೋದೆವು. ಅಜ್ಜಿ ಹೋಗಿ ಎಷ್ಟೋ ವರ್ಷ ಆಯಿತು, ಮನೆಯಲ್ಲೀಗ ಸೋದರಮಾವ ಇದ್ದಾರೆ. ನೇರ ಅಡುಗೆಮನೆಗೆ ಹೋದೆ. ಗೂಡಿನಲ್ಲಿ ಮೇಲೆ ಹಲಗೆ, ಅದರ ಮೇಲೆ ಜಾಡಿಗಳು ಹಾಗೇ ಇದ್ದವು. ಕೆಳಗೆ ಒಂದು ರಾಗಿ ಮೂಟೆ. ಮಾವನೂ ಇವರೂ ಸೇರಿ ಮೂಟೆಯನ್ನು ಪಕ್ಕಕ್ಕೆ ಎಳೆದರು. ಮಗಳು ಮೊಬೈಲಿನ ಬೆಳಕು ಹಿಡಿದಳು. ಧೂಳು ಒರೆಸಿದೆ. ಗೋಡೆಯ ಬುಡದಲ್ಲಿ ಹೊಸ್ತಿಲ ಕಲ್ಲು ಇತ್ತು. ನಡುವೆ ಕಾಲು ತುಳಿದು ತುಳಿದು ತಗ್ಗಾಗಿತ್ತು.